ಸರ್ವಿಸ್ ಆದ ಮೇಲೆ ಐಡ್ಲಿಂಗ್ ಕೆಟ್ಟರೆ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸಿ ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗ) ಕ್ಲೀನ್ ಮಾಡಿದ ಮೇಲೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು, ಕೆಟ್ಟು ಗಾಡಿ ನಿಂತಲ್ಲೇ ನಡುಗುತ್ತಿದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತಿದೆ ಎಂದು ಬರೆದಿದ್ದೀಯ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸಲೇ, ಫ್ಯೂಯಲ್ ಪಂಪ್ ಹಾಕಿಸಲೇ ಎಂದೂ ಕೇಳಿದ್ದೀಯ. ಎರಡೂ ಬೇಡ. ಹಿಂದಿನ ದಿನದವರೆಗೆ ಸರಿಯಾಗಿ ಓಡುತ್ತಿದ್ದ ಇಂಜಿನ್ ಸರ್ವಿಸ್ ಆದ ಕೂಡಲೇ ಕೆಟ್ಟಿದ್ದರೆ, ಮೊದಲು ಅನುಮಾನಿಸಬೇಕಾದ್ದು ಆ ದಿನ ಕೈ ಬಿದ್ದ ಜಾಗಗಳನ್ನು. ಏನೇನು ಬಿಚ್ಚಿದರು, ಯಾವುದನ್ನು ಪಕ್ಕಕ್ಕೆ ಸರಿಸಿದರು, ಬ್ಯಾಟರಿ ತೆಗೆದಿದ್ದರೇ, ಇಂಜಿನ್‌ಗೆ ನೀರು ಹೊಡೆದಿದ್ದರೇ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದುಕೋ. ಅದನ್ನು ಪೂರ್ತಿ ನೋಡಿ ಮುಗಿಸುವವರೆಗೆ ಒಂದೇ ಒಂದು ಹೊಸ ಪಾರ್ಟ್ ಕೊಳ್ಳಬೇಡ.

ಬಾನೆಟ್ ಎತ್ತುವ ಮುಂಚೆ ನಡುಕ ಯಾವ ಥರದ್ದು ಎಂದು ಗಮನಿಸು. ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಎಸಿ ಮತ್ತು ಲೈಟು ಆಫ್ ಇರಲಿ. ಹೆಚ್ಚಿನ ಪೆಟ್ರೋಲ್ ಗಾಡಿಗಳು ಆಗ 650ರಿಂದ 850 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತುಗಳು) ಒಳಗೆ ನಿಲ್ಲುತ್ತವೆ. ಆರ್‌ಪಿಎಂ ಮುಳ್ಳು ಒಂದೇ ಸಮನೆ ಏರಿಳಿಯುತ್ತಿದ್ದರೆ ಅಥವಾ 1,200ರ ಹತ್ತಿರ ನಿಂತಿದ್ದರೆ ಗಾಳಿಯ ಕಡೆ, ಥ್ರಾಟಲ್ ಕಡೆ ಹೋಗು. ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ಇದ್ದು, ಸೈಲೆನ್ಸರ್ ಬಾಯಲ್ಲಿ ತಾಳ ತಪ್ಪಿದ ಹಾಗೆ ಪಟ್ ಪಟ್ ಎಂದರೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ನೋಡು. ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಗಾಡಿ ಓಡಿಸಲೇಬೇಡ. ಉರಿಯದ ಪೆಟ್ರೋಲ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ, ಅದು ಅತಿಯಾಗಿ ಕಾದು ಒಳಗಿನ ಜಾಲರಿ ಕರಗಿಹೋಗಬಹುದು. ಸಣ್ಣ ತಪ್ಪೊಂದು ದೊಡ್ಡ ಖರ್ಚಾಗುವುದು ಹೀಗೆಯೇ.

ಈಗ ಗಾಳಿಯ ದಾರಿ. ನನ್ನ ಅನುಮಾನ ಮೊದಲು ಬೀಳುವುದು ಇಲ್ಲೇ. ನಿನ್ನ ಗಾಡಿಯಲ್ಲಿ ಏರ್‌ಫ್ಲೋ ಸೆನ್ಸರ್ ಇದ್ದರೆ ಅದು ಫಿಲ್ಟರ್ ಡಬ್ಬದ ಆಚೆ, ಥ್ರಾಟಲ್‌ಗೆ ಹೋಗುವ ದಪ್ಪ ಪೈಪಿನ ಶುರುವಿನಲ್ಲಿರುತ್ತದೆ. ಅದನ್ನು ದಾಟಿದ ಗಾಳಿ ಎಷ್ಟೆಂದು ಅಳೆದು ಇಸಿಯು (ಇಂಜಿನ್‌ನ ಕಂಪ್ಯೂಟರ್) ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲೇ ಸಂದಿ ಇರಲಿ, ಆ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ತಡವರಿಸುತ್ತದೆ. ದಪ್ಪ ಪೈಪಿನ ಎರಡೂ ತುದಿಯ ಕ್ಲ್ಯಾಂಪ್ ಬಿಗಿಯಾಗಿವೆಯೇ, ಪೈಪು ಪೂರ್ತಿ ಒಳಗೆ ಕೂತಿದೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡು. ಸೆನ್ಸರ್ ಕನೆಕ್ಟರ್ ಟಕ್ ಎಂದು ಲಾಕ್ ಆಗಿರಬೇಕು. ಆಯಿಲ್ ತುಂಬುವ ಮುಚ್ಚಳ, ಡಿಪ್‌ಸ್ಟಿಕ್, ಪಿಸಿವಿ ಹೋಸ್ (ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಭಾಗದ ಗಾಳಿಯನ್ನು ಮತ್ತೆ ಇಂಜಿನ್‌ಗೆ ತರುವ ರಬ್ಬರ್ ಪೈಪು) ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ, ಏಕೆಂದರೆ ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಇಂಜಿನ್ ತಾನೇ ಎಳೆದುಕೊಳ್ಳುತ್ತದೆ. ಪಿಸಿವಿ ಹೋಸನ್ನು ಮೇಲಿನಿಂದ ನೋಡಿ ಸರಿಯಿದೆ ಎನ್ನಬೇಡ. ಹಳೆಯ ರಬ್ಬರು ಬಿರಿಯುವುದು ಬಾಗಿದ ಕಡೆ, ಅದೂ ಕೆಳಮೈಯಲ್ಲಿ. ಬೆರಳು ಹಾಯಿಸಿ, ಸ್ವಲ್ಪ ಬಗ್ಗಿಸಿದರೆ ಮಾತ್ರ ಸೀಳು ಬಾಯಿ ಬಿಡುತ್ತದೆ. ಬ್ರೇಕ್ ಒತ್ತಲು ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸ್ ಜಾರಿದ್ದರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಹಾಗೇನಾದರೂ ಅನ್ನಿಸಿದರೆ ಸರಿಪಡಿಸುವ ತನಕ ಗಾಡಿ ಹೊರಗೆ ತೆಗೆಯಬೇಡ.

ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಸಣ್ಣ ಗಾಡಿಗಳೂ ಬಹಳ ಇವೆ. ಅವುಗಳಲ್ಲಿ ಥ್ರಾಟಲ್‌ನಿಂದಾಚೆ ಗಾಳಿ ಸೋರಿದರೆ ಐಡ್ಲಿಂಗ್ ಮೇಲೇರುವುದೇ ಹೆಚ್ಚು. ನಿನ್ನದು ಯಾವ ಬಗೆ ಎಂದು ಮೊದಲೇ ತಿಳಿದುಕೋ, ಇಲ್ಲದಿದ್ದರೆ ಕಣ್ಣಿಗೆ ಕಂಡದ್ದಕ್ಕೆ ತಪ್ಪು ಅರ್ಥ ಕಟ್ಟುತ್ತೀಯ.

ಥ್ರಾಟಲ್ ಬಾಡಿಯ ವಿಷಯ ಬೇರೆ. ಅಲ್ಲಿ ಏನೂ ಕೆಟ್ಟಿರದೆಯೂ ಐಡ್ಲಿಂಗ್ ಹಾಳಾಗಬಹುದು. ಬಟರ್‌ಫ್ಲೈ, ಅಂದರೆ ಅದರೊಳಗೆ ತಿರುಗುವ ತಟ್ಟೆಯ ಅಂಚಿನಲ್ಲಿ ವರ್ಷಗಟ್ಟಲೆ ಕಾರ್ಬನ್ ಕಟ್ಟುತ್ತಾ ಹೋದಂತೆ, ಇಸಿಯು ಅದನ್ನು ಚೂರುಚೂರೇ ಹೆಚ್ಚು ತೆರೆಯುವುದನ್ನು ಕಲಿತಿರುತ್ತದೆ. ಕಾರ್ಬನ್ ಹೋದ ಮೇಲೂ ಹಳೆಯ ಲೆಕ್ಕದಲ್ಲೇ ತೆರೆದರೆ ಗಾಳಿ ಹೆಚ್ಚಾಗುತ್ತದೆ, ಮುಳ್ಳು ಏರಿಳಿಯುತ್ತದೆ. ಬ್ಯಾಟರಿ ತೆಗೆದಿದ್ದರೆ ಕಲಿತದ್ದೆಲ್ಲ ಅಳಿಸಿಹೋಗಿರಲೂಬಹುದು. ಇದಕ್ಕೆ ಐಡಲ್ ರೀಲರ್ನ್, ಅಂದರೆ ಇಸಿಯುಗೆ ಐಡ್ಲಿಂಗ್ ಲೆಕ್ಕವನ್ನು ಹೊಸದಾಗಿ ಕಲಿಸುವ ಕೆಲಸ, ಮಾಡಿಸಬೇಕು. ಕೆಲವು ಗಾಡಿಗಳಲ್ಲಿ ಕೀ ಮತ್ತು ಪೆಡಲ್‌ನಿಂದಲೇ ಆಗುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಆದ್ದರಿಂದ ನಿನ್ನ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವಂತೆಯೇ ಮಾಡು. ಕೀ ಆನ್ ಇರುವಾಗ ಎಲೆಕ್ಟ್ರಾನಿಕ್ ಥ್ರಾಟಲ್‌ನ ಬಟರ್‌ಫ್ಲೈಯನ್ನು ಬೆರಳಿನಿಂದ ತಳ್ಳಬೇಡ. ಮೋಟಾರು ಅದನ್ನು ಏಕಾಏಕಿ ಮುಚ್ಚಿದರೆ ಬೆರಳಿಗೆ ಪೆಟ್ಟು, ಒಳಗಿನ ಗೇರ್‌ಗೂ ಪೆಟ್ಟು. ಆದರೆ ಗಾಳಿ ಸೋರುತ್ತಿರುವಾಗ ರೀಲರ್ನ್ ಮಾಡಿಸಿ ಪ್ರಯೋಜನವಿಲ್ಲ. ಸೋರಿಕೆ ಮೊದಲು, ರೀಲರ್ನ್ ಆಮೇಲೆ.

ಪ್ಲಗ್‌ಗಳನ್ನು ಇಂಜಿನ್ ತಣ್ಣಗಾದ ಮೇಲೆ ಬಿಚ್ಚು. ನಂಬರ್ ಸರಿಯಾದ್ದೇ, ಗ್ಯಾಪ್ (ಕಿಡಿ ಹಾರುವ ಸಂದಿ) ಮ್ಯಾನ್ಯುಯಲ್ ಹೇಳಿದಷ್ಟೇ ಎಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡು, ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ಒಳಗಿರುತ್ತದೆ. ಕೆಳಗೆ ಬಿದ್ದ ಪ್ಲಗ್‌ನಲ್ಲಿ ಗ್ಯಾಪ್ ಮುಚ್ಚಿಹೋಗಿರಬಹುದು, ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು ಬಂದಿರಬಹುದು. ಪಿಂಗಾಣಿಯ ಉದ್ದಕ್ಕೆ ಪೆನ್ಸಿಲ್‌ನಲ್ಲಿ ಗೀಚಿದಂಥ ಕಪ್ಪು ಗೆರೆ ಕಂಡರೆ ಕಿಡಿ ತುದಿಗೆ ಹೋಗದೆ ಹೊರಗಿನಿಂದಲೇ ಹಾರುತ್ತಿದೆ ಎಂದರ್ಥ. ಆ ಪ್ಲಗ್ಗೂ ಬೇಡ, ಅದರ ಕಾಯಿಲ್‌ನ ರಬ್ಬರ್ ಬೂಟೂ ಬೇಡ. ಮತ್ತೆ ಹಾಕುವಾಗ ಕೈಯಿಂದಲೇ ತಿರುಗಿಸಿ ಕೊನೆಯವರೆಗೆ ಇಳಿಸು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಇದ್ದರೆ ಮ್ಯಾನ್ಯುಯಲ್‌ನ ಅಳತೆಗೆ ಬಿಗಿ ಮಾಡು. ಇಲ್ಲದಿದ್ದರೆ, ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್‌ಗೆ ಅಲ್ಲಿಂದ ಅರ್ಧ ಸುತ್ತಿನಿಂದ ಸುತ್ತಿನ ಮೂರನೇ ಎರಡು ಭಾಗದವರೆಗೆ ಸಾಕು. ನೀನು ಈಗ ಬಿಚ್ಚಿ ಹಾಕುವ ಪ್ಲಗ್‌ಗಳ ವಾಷರ್ ಆಗಲೇ ಅಮುಕಿಹೋಗಿದೆ; ಅವಕ್ಕೆ ಸುತ್ತಿನ ಹನ್ನೆರಡನೇ ಒಂದು ಭಾಗ ಮಾತ್ರ. ಹೊಸದರ ಹಾಗೆ ಎಳೆದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರುತ್ತದೆ.

ಇಂಜಿನ್ ತೊಳೆದಿದ್ದರೆ ಪ್ಲಗ್ ಕೂರುವ ಬಾವಿಯಲ್ಲಿ ನೀರು ನಿಂತಿರಬಹುದು. ಪ್ಲಗ್ ತೆಗೆಯುವ ಮೊದಲೇ ಗಾಳಿ ಹೊಡೆದು ಒಣಗಿಸು, ಇಲ್ಲದಿದ್ದರೆ ನೀರೂ ಕಸವೂ ಸಿಲಿಂಡರ್ ಒಳಗೆ ಬೀಳುತ್ತವೆ.

ಇಷ್ಟಾದರೂ ಸರಿಯಾಗದಿದ್ದರೆ ಒಂದು ಸಾಧಾರಣ ಒಬಿಡಿ ಸ್ಕ್ಯಾನರ್ (ಇಸಿಯು ದಾಖಲಿಸಿದ ದೋಷದ ಕೋಡ್ ತೋರಿಸುವ ಉಪಕರಣ) ತಂದು ಕೋಡ್ ಓದು. ಓದುವ ಮೊದಲು ಅಳಿಸಬೇಡ. ಪಿ0302 ಎಂದರೆ ಎರಡನೇ ಸಿಲಿಂಡರ್ ಮಿಸ್. ಇಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲನ್ನು ಮೂರಕ್ಕೂ, ಮೂರನೆಯದನ್ನು ಎರಡಕ್ಕೂ ಹಾಕು. ಕೋಡ್ ಪಿ0303 ಆದರೆ ತಪ್ಪು ಕಾಯಿಲ್‌ನದು. ಹಾಗೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡು, ಇಂಜೆಕ್ಟರ್ ಮಾತು ಆಮೇಲೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಇಂಜಿನ್ ಓಡುತ್ತಿರುವಾಗ ಕಾಯಿಲ್ ಕೀಳುವವರನ್ನು ನೋಡಿ ನೀನೂ ಹಾಗೆ ಮಾಡಬೇಡ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಪಿ0171 ಬಂದರೆ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದಾದರೆ, ಫ್ಯೂಯಲ್ ಟ್ರಿಮ್ ನೋಡು, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ. ಶಾರ್ಟ್ (ತಕ್ಷಣದ್ದು) ಮತ್ತು ಲಾಂಗ್ (ದೀರ್ಘಾವಧಿಯದು) ಎರಡನ್ನೂ ಕೂಡಿಸು. ಐಡ್ಲಿಂಗ್‌ನಲ್ಲಿ +20% ಇದ್ದು 2,500 ಆರ್‌ಪಿಎಂಗೆ +3ಕ್ಕೆ ಇಳಿದರೆ ಗಾಳಿ ಸೋರುತ್ತಿದೆ: ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಆಗ ಸೋರಿದ ಗಾಳಿಯ ಪಾಲು ದೊಡ್ಡದು. 2,500ರಲ್ಲೂ ಇಳಿಯದೆ ಇನ್ನೂ ಏರಿದರೆ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆ ಅಥವಾ ಫ್ಯೂಯಲ್ ಪ್ರೆಶರ್ ಸಾಲದು. ಎಣ್ಣೆ ಸವರಿದ ಫಿಲ್ಟರ್ ಹಾಕಿದ್ದರೆ ಆ ಎಣ್ಣೆ ಸೆನ್ಸರ್ ತಂತಿಗೆ ಅಂಟಿರಬಹುದು. ಅದನ್ನು ಏರ್‌ಫ್ಲೋ ಸೆನ್ಸರ್ ಕ್ಲೀನರ್‌ನಿಂದ ಮಾತ್ರ ತೊಳೆ, ಬಟ್ಟೆ ಮುಟ್ಟಿಸಬೇಡ, ಪೂರ್ತಿ ಒಣಗಿದ ಮೇಲೆ ಹಾಕು.

ಸೋರಿಕೆ ಹುಡುಕಲು ಓಡುವ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿ ಇದೆ. ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಹೊತ್ತಿಕೊಳ್ಳುತ್ತದೆ, ನೀನು ಮಾಡಕೂಡದು. ಒಂದು ಮೀಟರ್ ಉದ್ದದ ರಬ್ಬರ್ ಹೋಸಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಜೋಡಣೆಗಳ ಹತ್ತಿರ ಒಯ್ದರೆ ಸುಂಯ್ ಎನ್ನುವ ಸದ್ದು ಸಿಗುತ್ತದೆ. ಬೆಲ್ಟ್, ಫ್ಯಾನ್‌ಗಳಿಂದ ದೂರವಿರು. ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಗಾಳಿಯ ದಾರಿಗೆ ಹೊಗೆ ಬಿಟ್ಟು ಸೋರುವ ಜಾಗ ನೋಡುವುದು) ಮಾಡಿಸು, ಅದಕ್ಕೆ ಕೊಡುವ ಹಣ ದಂಡವಲ್ಲ.

ಐಡ್ಲಿಂಗ್‌ನಲ್ಲಿ ಮತ್ತು 2,500ರಲ್ಲಿ ಬಂದ ಟ್ರಿಮ್ ಅಂಕಿ, ಇರುವ ಕೋಡ್‌ಗಳು, ಬಿಚ್ಚಿದ ಪ್ಲಗ್‌ಗಳ ಫೋಟೋ ಸಿಲಿಂಡರ್ ನಂಬರ್ ಹಾಕಿ ಕಳಿಸು. ಆಯಿಲ್ ಲೆವೆಲ್ ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದೆಯೇ ಎಂಬುದನ್ನೂ ಬರೆ.

ಇತಿ,
ನಿನ್ನ ದೊಡ್ಡಪ್ಪ