ಮಗಳಿಗೊಂದು ಪತ್ರ: 'ವಾಸಿಯಾಯ್ತಾ' ಅಂತ ಕೇಳಬೇಡ

ಸಾಗರ

ಪುಟ್ಟಿ,

ಮೊನ್ನೆ ಫೋನಿನಲ್ಲಿ 'ಅಮ್ಮಾ, ಈಗ ವಾಸಿನಾ?' ಅಂತ ಕೇಳಿದೆಯಲ್ಲ, 'ಹ್ಞೂಂ, ಪರವಾಗಿಲ್ಲ' ಅಂದುಬಿಟ್ಟೆ. ಹನ್ನೊಂದು ವರ್ಷದಿಂದ ನೀನು ಅದನ್ನೇ ಕೇಳುತ್ತೀಯ, ನಾನು ಅದೇ ಸುಳ್ಳು ಹೇಳುತ್ತೇನೆ. ನಿಜ ಹೇಳೋಣವೆಂದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಹಿಡಿತಕ್ಕೆ ಸಿಗಲಿ ಅಂತ ನಿಮ್ಮಪ್ಪ ಪೆನ್ನಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟಿದ್ದಾರೆ. ಆದರೂ ದಿನಕ್ಕೆ ಅರ್ಧ ಪುಟ ದಾಟುವುದಿಲ್ಲ.

ಇದು ವಾಸಿಯಾಗುವ ಜಾತಿಯ ಕಾಯಿಲೆಯಲ್ಲ ಮಗಳೇ. ರುಮಟಾಯ್ಡ್ ಆರ್ಥ್ರೈಟಿಸ್ ಅಂದರೆ ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ಏರಿಹೋಗುವುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಔಷಧಿ ಕೊಟ್ಟು ಮಲಗಿಸಿಡಬಹುದು, ಮನೆಯಿಂದ ಓಡಿಸಲಾಗದು. ಶಿವಮೊಗ್ಗದ ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಎಣ್ಣೆ ಹಚ್ಚಿದೆನೋ! ಬದನೆಕಾಯಿ ವಾಯು, ಆಲೂಗಡ್ಡೆ ವಾಯು ಅಂತ ನೆಂಟರು ಒಂದೊಂದಾಗಿ ತಟ್ಟೆಯಿಂದ ಎತ್ತಿಸಿದರು.

ಆಗ ನೀನು ಏಳನೇ ಕ್ಲಾಸು. ಎರಡು ಜಡೆ, ಕೆಂಪು ರಿಬ್ಬನ್ನು, ಎಂಟೂಕಾಲಿಗೆ ಬಸ್ಸು. ನನಗೋ ಎದ್ದು ಒಂದೂವರೆ ಗಂಟೆಯಾದರೂ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ದಿನ ಜಡೆ ಮೂರು ಸಲ ಬಿಚ್ಚಿಹೋಯಿತು. 'ಬಿಗಿ ಹಾಕಮ್ಮಾ' ಅಂದೆ ನೀನು. ನಾನು ಬಾಚಣಿಗೆಯನ್ನು ಗೋಡೆಗೆ ಎಸೆದೆ. ನೀನು ಅಳಲಿಲ್ಲ. ಬಾಚಣಿಗೆ ಎತ್ತಿಕೊಂಡು ಸುಮ್ಮನೆ ಅಪ್ಪನ ಹತ್ತಿರ ಹೋದೆ. ಅಡಿಕೆ ಸುಲಿಯುವ ಕೈ ಜಡೆ ಹೆಣೆಯಲು ಕಲಿತದ್ದು ಹಾಗೆ. ಎರಡು ಹಲ್ಲು ಮುರಿದ ಆ ಬಾಚಣಿಗೆ ಇನ್ನೂ ನನ್ನ ಕಪಾಟಿನಲ್ಲಿದೆ.

ನೋವಿಗಿಂತ ಆ ಸಿಟ್ಟೇ ನನ್ನನ್ನು ಹೆಚ್ಚು ತಿಂದಿತು. 'ನನಗೇ ಯಾಕೆ' ಅಂತ ಕೇಳಿಸಿಕೊಂಡು ದೇವರಿಗೂ ಬೇಸರ ಬಂದಿರಬೇಕು. 'ಧೈರ್ಯವಾಗಿರಿ' ಅನ್ನುವವರನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಧೈರ್ಯದಿಂದ ಕುಕ್ಕರಿನ ಮುಚ್ಚಳ ತೆಗೆಯಲಾಗುತ್ತದೆಯೇ?

ಭಾನುವಾರ ರಾತ್ರಿ ಈ ಕಾಯಿಲೆಯ ಮಾತ್ರೆ, ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ, ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಸುತ್ತು ಹಾಕಿಟ್ಟಿದ್ದೇನೆ. ಸೋಮವಾರವಿಡೀ ವಾಕರಿಕೆ, ಆ ದಿನ ಗಂಜಿ, ಮಜ್ಜಿಗೆ, ಮಾತು ಕಡಿಮೆ. ಈ ಮಾತ್ರೆ 1940ರ ದಶಕದಲ್ಲಿ ರಕ್ತದ ಕ್ಯಾನ್ಸರಿಗೆಂದು ಹುಟ್ಟಿದ್ದಂತೆ. ಅಮೆರಿಕದಲ್ಲಿ ಅದನ್ನು ಮಾಡಿದ ತಂಡದ ಹಿಂದಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಅವರು ತೀರಿಕೊಂಡರು. ನನ್ನ ಕಾಯಿಲೆಗೆ ಅದನ್ನು ಕೊಡಬಹುದೆಂದು ಅಮೆರಿಕದ ಸರ್ಕಾರ ಒಪ್ಪಿದ್ದು 1988ರಲ್ಲಿ, ಅವರು ಹೋಗಿ ನಲವತ್ತು ವರ್ಷಕ್ಕೆ. ಎಲ್ಲಿಯ ಭೀಮವರಂ, ಎಲ್ಲಿಯ ನನ್ನ ಬೆರಳು! ಯಾಕೋ, ಅದನ್ನು ಓದಿದ ದಿನದಿಂದ ಮಾತ್ರೆಯ ಮೇಲಿನ ಮುನಿಸು ಇಳಿಯಿತು.

ಈ ವರ್ಷ ಹಲಸಿನ ಹಪ್ಪಳ ಮಾಡಿದೆವು. ಕಳೆದ ಆರು ಬೇಸಿಗೆ ನಾನು ಒಳಗೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಅಂಗಳದಲ್ಲಿ ಉಳಿದವರು ಒತ್ತುವ ಸದ್ದು ಕೇಳಿ ತಡೆಯಲಾಗುತ್ತಿರಲಿಲ್ಲ. ಈ ಸಲ ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತೆ. ಉಪ್ಪು ಖಾರ ನೋಡಿದೆ, ಉಂಡೆ ಕಟ್ಟಿದೆ. ಬೇಯಿಸಿ ಬೀಸಿದ ತೊಳೆಯ ಬಿಸಿ ಅಂಗೈಗೆ ಶಾಖ ಕೊಟ್ಟ ಹಾಗಿತ್ತು. ಪಕ್ಕದ ಮನೆಯ ಹೊಸ ಸೊಸೆಗೆ ಹದ ಗೊತ್ತಿರಲಿಲ್ಲ, ಹೇಳಿಕೊಟ್ಟೆ. ಎಂಬತ್ತು ಉಂಡೆಗೆ ಬೆರಳು ಸೆಟೆದುಕೊಂಡವು, ಎದ್ದುಬಂದೆ. ರಾತ್ರಿ ನೋವಿತ್ತು. ನಿದ್ದೆಯೂ ಬಂತು.

ಇನ್ನು ಮೇಲೆ ಫೋನ್ ಮಾಡಿದಾಗ 'ಇವತ್ತು ಏನು ಮಾಡಿದೆ?' ಅಂತ ಕೇಳು. ಕೆಲವು ದಿನ 'ಏನೂ ಇಲ್ಲ, ಮಲಗಿದ್ದೆ' ಅಂತೀನಿ. ಆಗ ಸಮಾಧಾನ ಹೇಳಬೇಡ, ನಿನ್ನ ಆಫೀಸಿನ ಜಗಳ ಹೇಳು.

ಬಸ್ಸಿಗೆ ಒಂದು ಡಬ್ಬಿ ಹಾಕಿದ್ದೇವೆ. ಮೇಲಿನ ಹನ್ನೆರಡು ಹಪ್ಪಳ ನಾನೇ ಒತ್ತಿದ್ದು. ದಪ್ಪ ಇವೆ, ಅಂಚು ಒಡೆದಿದೆ, ಸಣ್ಣ ಉರಿಯಲ್ಲಿ ಕರಿ. ಡಬ್ಬಿಯ ಮುಚ್ಚಳ ತುಂಬಾ ಬಿಗಿ, ಹಾಕಿದ್ದು ಅಪ್ಪ.

ನಿನ್ನ
ಅಮ್ಮ