ತೂಕ ಕಡಿಮೆ ಬಂದ ಸಿಂಹದ ನಾಣ್ಯ

ಚಿರಂಜೀವಿಗೆ ಸೋದರಮಾವನ ಆಶೀರ್ವಾದಗಳು.

‘1.28 ಗ್ರಾಂ ಕಡಿಮೆ ಇದೆ, ಮೋಸಹೋದೆನೇ ಮಾವ?’ ಅಂತ ನೀನು ಕೊಂಡ ಸಿಂಹದ ನಾಣ್ಯದ ಬಗ್ಗೆ ಬರೆದಿದ್ದೀಯಲ್ಲ, ಆ ಒಂದು ಸಾಲು ರಾತ್ರಿಯೆಲ್ಲ ಕೊರೆಯಿತು.

ಲೇವನ್‌ಡಾಲ್ಡರ್‌ಗೆ, ಅಂದರೆ ಒಂದು ಬದಿ ಸಿಂಹ, ಇನ್ನೊಂದು ಬದಿ ಯೋಧ ಇರುವ ಈ ಡಚ್ ಬೆಳ್ಳಿ ನಾಣ್ಯಕ್ಕೆ, 27.68 ಗ್ರಾಂ ಅನ್ನುವುದು 1575ರಲ್ಲಿ ಹಾಲೆಂಡಿನವರು ಗೊತ್ತುಮಾಡಿದ ತೂಕ. ಅದು ಟಂಕಸಾಲೆ ಬಿಟ್ಟ ದಿನದ ಮಾತು. ಲೆವಾಂಟಿನ, ಅಂದರೆ ಮೆಡಿಟರೇನಿಯನ್ನಿನ ಪೂರ್ವ ತೀರದ, ಪೇಟೆಗಳಲ್ಲಿ ಕೈಯಿಂದ ಕೈಗೆ ಸವೆದು, ಅಂಚು ಕತ್ತರಿಸಿಕೊಂಡು ಬಂದದ್ದು 26.40 ತೂಗಿದರೆ ಅಷ್ಟಕ್ಕೇ ಖೋಟಾ ಅನ್ನಲಾಗದು. ಮಾಸಿದ ನಾಣ್ಯ ಕರಾರುವಾಕ್ಕಾಗಿ 27.68 ತೂಗಿದ್ದರೇ ನನಗೆ ಅನುಮಾನ ಬರುತ್ತಿತ್ತು. ಸುತ್ತಿಗೆಯಲ್ಲಿ ಹೊಡೆದ ನಾಣ್ಯವಾದ್ದರಿಂದ ಯೋಧನ ಮುಖ ಚಪ್ಪಟೆ ಬಿದ್ದಿರುವುದೂ ಮಾಮೂಲು.

ಆದರೂ ನಿನ್ನ ಭಯ ಹೋಗಬೇಕಲ್ಲ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಾ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಲೋಟಕ್ಕೆ ಎಲ್ಲೂ ತಾಗದಂತೆ ಇಳಿಬಿಡು. 2.62ರ ಆಸುಪಾಸು ತೋರಿಸಬೇಕು. 26.40ನ್ನು ಅದರಿಂದ ಭಾಗಿಸಿದರೆ ಸುಮಾರು 10.1, ಅದು ಅಸಲಿ ನಾಣ್ಯದ ಲೋಹದ, ಅಂದರೆ ಮುಕ್ಕಾಲು ಬೆಳ್ಳಿ, ಕಾಲು ತಾಮ್ರದ ಸಾಂದ್ರತೆ. 3.1 ತೋರಿಸಿದರೆ ಹಿತ್ತಾಳೆ ಜಾತಿಯದು. ಗುಳ್ಳೆ ಅಂಟಿದ್ದರೆ ಒಳ್ಳೆಯ ನಾಣ್ಯವೂ ಕೀಳಾಗಿ ಕಾಣುತ್ತದೆ, ಮೊದಲು ನೀರಲ್ಲಿ ಅಲ್ಲಾಡಿಸು. ಎರಡರ ನಡುವೆ ಬಂದರೆ ಅಕ್ಷರಗಳನ್ನು ಓದು: 17ನೇ ಶತಮಾನದಲ್ಲಿ ಇಟಲಿಯ ಪುಟ್ಟ ಸಂಸ್ಥಾನಗಳು ಇದೇ ಸಿಂಹವನ್ನು ಕಡಿಮೆ ಬೆಳ್ಳಿಯಲ್ಲಿ ಅಚ್ಚುಹಾಕಿ ಅದೇ ಪೇಟೆಗಳಿಗೆ ಬಿಟ್ಟಿದ್ದವು. ಅಂಥವನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ.

ಮೋಸ ಅಂದೆಯಲ್ಲ, ನನಗೆ ಅಳುಕಿರುವುದು ತೂಕದಲ್ಲಲ್ಲ, ಅಂಚಿನಲ್ಲಿ. ಬೆಳ್ಳಿಯಲ್ಲೇ ಎರಕ ಹೊಯ್ದ ನಕಲು ನೀರಿನ ಪರೀಕ್ಷೆ ಪಾಸಾಗಿಬಿಡುತ್ತದೆ. ಭೂತಗನ್ನಡಿ ಹಿಡಿದು ಅಂಚನ್ನು ಒಂದು ಸುತ್ತು ನೋಡು. ಉದ್ದಕ್ಕೂ ಸಣ್ಣ ಗೆರೆಯಿದ್ದರೆ, ಇಲ್ಲವೇ ಅದನ್ನು ಅರದಿಂದ ತಿಕ್ಕಿ ಮುಚ್ಚಿದ ಗುರುತಿದ್ದರೆ ಹೆದರಬೇಕು. ಅಕ್ಷರಗಳು ಸಾಬೂನು ಕರಗಿದಂತೆ ನುಣುಪಾಗಿ, ಪಕ್ಕದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಎರಕವೇ.

ಹೇಳಬಾರದೇನೋ, ಆದರೂ ಹೇಳುತ್ತೇನೆ: ಅನುಮಾನ ಪರಿಹರಿಸಿಕೊಳ್ಳಲು ಅದನ್ನು ಬೆಳಗಬೇಡ. ಮನೆಯ ದೀಪದ ಹಾಗೆ ವಿಭೂತಿ ಹಾಕಿ ಒಂದನ್ನು ಉಜ್ಜಿ ಹಾಳುಮಾಡಿದ ಸಂಕಟ ನನಗಿನ್ನೂ ಹೋಗಿಲ್ಲ. ಪಿವಿಸಿ ಕವರಿನಲ್ಲೂ ಇಡಬೇಡ, ಹಸಿರು ಜಿಗುಟು ಹಿಡಿಯುತ್ತದೆ.

ನೀರಿನ ತೂಕ ಬರೆದು, ಅಂಚಿನ ಫೋಟೊ ನಾಲ್ಕು ಕಡೆಯಿಂದ ತೆಗೆದು ಕಳಿಸು. ವಾಪಸು ಕೊಡಲು ಇನ್ನೆಷ್ಟು ದಿನ ಗಡುವಿದೆ, ನೋಡಿಕೊಂಡಿದ್ದೀಯಾ?

ನಿನ್ನ ಮಾವ