ಒಂಟಿ ಗಾಯಕನ ಪಕ್ಕವಾದ್ಯಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನಿನಲ್ಲಿ ನೀನು ಆಡಿದ ಒಂದು ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. "ಪಾಲ್ ರಾಜರ್ಸ್ ಬ್ಯಾಂಡಿನಲ್ಲಿ ಇದ್ದಾಗಲೇ ಚೆನ್ನ. ಒಬ್ಬನೇ ಹಾಡಿದ್ದರಲ್ಲಿ ಏನಿದೆ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು, ಈ ಇಂಗ್ಲಿಷ್ ರಾಕ್ ಗಾಯಕ ಬ್ಯಾಂಡ್ ಬಿಟ್ಟು ತನ್ನದೇ ಹೆಸರಿನಲ್ಲಿ ತಂದ ಸೋಲೋ ಆಲ್ಬಮ್‌ಗಳನ್ನು ಒಂದೊಂದಾಗಿ ಮತ್ತೆ ಕೇಳಿದೆ. ನಿನ್ನ ಮಾತು ಅರ್ಧ ನಿಜ. ಉಳಿದರ್ಧಕ್ಕೆ ಈ ಪತ್ರ.

ಆತ ಹಾಡುತ್ತಿದ್ದ 'ಫ್ರೀ' ಬ್ಯಾಂಡಿನ 'ಆಲ್ ರೈಟ್ ನೌ' ಹಾಡನ್ನು ಹೇಗೆ ಕೇಳಬೇಕು ಅಂತ ನನಗೆ ಕಲಿಸಿದವನು ನೀನೇ. ನೆನಪಿದೆ ಅಲ್ವಾ? ಚರಣ ಹಾಡುವಾಗ ಬೇಸ್ ಗಿಟಾರು ಪೂರ್ತಿ ಸುಮ್ಮನಿರುತ್ತದೆ. ಪಲ್ಲವಿಗೆ ಮಾತ್ರ ಒಳಗೆ ಬರುತ್ತದೆ. "ನೋಡು, ಸುಮ್ಮನಿರೋದೂ ನುಡಿಸೋದೇ" ಅಂತ ಮೃದಂಗದ ಮೇಲೆ ಅಂಗೈ ಇಟ್ಟುಕೊಂಡು ಹೇಳಿದ್ದೆ. 1970ರಲ್ಲಿ ಆ ಹಾಡು ಹೊರಬಂದಾಗ ಬೇಸ್ ನುಡಿಸಿದ ಆಂಡಿ ಫ್ರೇಸರ್‌ಗೆ 17 ವರ್ಷ. ರಾಜರ್ಸ್‌ಗೆ 20. ಆ ವಯಸ್ಸಿಗೇ ಅವರಿಗೆ ಜಾಗ ಬಿಟ್ಟುಕೊಡುವುದು ಗೊತ್ತಿತ್ತು. ಆ ಜಾಗದಲ್ಲಿ ರಾಜರ್ಸ್‌ನ ದನಿ ನಿಂತಿತು.

ಆತ ಇಂಗ್ಲೆಂಡಿನ ಉತ್ತರಕ್ಕಿರುವ ಮಿಡಲ್ಸ್‌ಬರೋದವನು. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ ಬೆಳೆದ ಹುಡುಗನ ಕಿವಿಗೆ ಬಿದ್ದದ್ದು ಅಮೆರಿಕದ ಕಪ್ಪು ಗಾಯಕರ ದನಿ. ಮಡ್ಡಿ ವಾಟರ್ಸ್, ಓಟಿಸ್ ರೆಡಿಂಗ್. ಮುಂದೆ ಒಬ್ಬನೇ ಹಾಡಲು ಹೊರಟಾಗಲೂ ಆತನಿಗೆ ದಾರಿ ತೋರಿಸಿದವರು ಇವರೇ. ಆದರೆ ಮೊದಲ ಸೋಲೋ ಆಲ್ಬಮ್ ಬಂದ ಮೇಲೂ ಆ ದಾರಿಗೆ ಬರಲು ಹತ್ತು ವರ್ಷ ಹಿಡಿಯಿತು.

ಮೊದಲ ಸೋಲೋ ಆಲ್ಬಮ್ 'ಕಟ್ ಲೂಸ್' ಬಂದದ್ದು 1983ರಲ್ಲಿ. ಫ್ರೀ ನಂತರ ಆತ ಹಾಡುತ್ತಿದ್ದ ಬ್ಯಾಂಡ್ 'ಬ್ಯಾಡ್ ಕಂಪನಿ' ಆಗತಾನೇ ಮುರಿದಿತ್ತು. ಇದರಲ್ಲಿ ಎಲ್ಲ ವಾದ್ಯಗಳನ್ನೂ ಆತನೇ ನುಡಿಸಿದ್ದಾನೆ. ಡ್ರಮ್ಸ್, ಬೇಸ್, ಗಿಟಾರು, ಕೀಬೋರ್ಡ್, ಎಲ್ಲ. ದನಿ ಚೆನ್ನಾಗಿದೆ, ಹಾಡುಗಳೂ ಕೆಟ್ಟದ್ದಿಲ್ಲ. ಆದರೂ ಕೇಳುತ್ತಾ ಹೋದ ಹಾಗೆ ಏನೋ ಕೊರತೆ ಕಾಡುತ್ತದೆ. ಹಾಡುವವನಿಗೆ ಎದುರು ಮಾತಾಡುವವರು ಅಲ್ಲಿ ಯಾರೂ ಇಲ್ಲ. ಗಾಯಕನೇ ಮೃದಂಗವನ್ನೂ ಪಿಟೀಲನ್ನೂ ನುಡಿಸಿ ಜೋಡಿಸಿದ ಕಛೇರಿ ಹೇಗಿರಬಹುದು, ನೀನೇ ಯೋಚಿಸು. ನಿನ್ನ ಮಾತು ಈ ಆಲ್ಬಮ್‌ಗೆ ಒಪ್ಪುತ್ತದೆ.

ಇನ್ನು 1993ರ 'ಮಡ್ಡಿ ವಾಟರ್ ಬ್ಲೂಸ್'. ಇದು ಮಡ್ಡಿ ವಾಟರ್ಸ್‌ಗೆ ಗೌರವ ಸಲ್ಲಿಸಲು ಮಾಡಿದ್ದು. ಪಕ್ಕದಲ್ಲಿ ಯಾರು ಯಾರಿದ್ದಾರೆ ಗೊತ್ತಾ? ಬಡ್ಡಿ ಗೈ, ಜೆಫ್ ಬೆಕ್, ಗ್ಯಾರಿ ಮೂರ್, ಡೇವಿಡ್ ಗಿಲ್ಮೋರ್, ಬ್ರಯಾನ್ ಮೇ, ಸ್ಲ್ಯಾಶ್. ಹಾಡು ಬದಲಾದ ಹಾಗೆ ಗಿಟಾರು ಹಿಡಿದ ಕೈಯೂ ಬದಲಾಗುತ್ತದೆ. ಇಷ್ಟು ದೊಡ್ಡವರ ನಡುವೆ ಗಾಯಕ ಮರೆಯಾಗಿಬಿಡಬಹುದಿತ್ತು. ರಾಜರ್ಸ್ ಮರೆಯಾಗುವುದಿಲ್ಲ. 'ಸ್ಟ್ಯಾಂಡಿಂಗ್ ಅರೌಂಡ್ ಕ್ರೈಯಿಂಗ್' ಹಾಡಿನಲ್ಲಿ ಗಿಲ್ಮೋರ್ ಜೊತೆಗಿದ್ದಾನೆ. ಅದನ್ನು ಬೇರೆ ಕೆಲಸ ಮಾಡುತ್ತಾ ಕೇಳಬೇಡ, ಕಣೋ. ದೀಪ ಆರಿಸಿ ಕೇಳು.

1997ರ 'ನೌ', ಅದರ ಹಿಂದೆಯೇ ಬಂದ 'ಎಲೆಕ್ಟ್ರಿಕ್', ಎರಡೂ ಗಟ್ಟಿ ಆಲ್ಬಮ್‌ಗಳೇ. ಆದರೆ ನಿನಗೆ ಮೊದಲು ಕೇಳಿಸಬೇಕಾದವು ಅವಲ್ಲ.

ನಿನಗೆ ಕೇಳಿಸಬೇಕಾದದ್ದು 2014ರ 'ದ ರಾಯಲ್ ಸೆಷನ್ಸ್'. ಅಮೆರಿಕದ ಮೆಂಫಿಸ್‌ನಲ್ಲಿ ರಾಯಲ್ ಸ್ಟುಡಿಯೋ ಅಂತ ಒಂದಿದೆ. ಹಿಂದೆ ಅದೊಂದು ಸಿನಿಮಾ ಟಾಕೀಸು. ನೆಲ ಈಗಲೂ ಟಾಕೀಸಿನ ಹಾಗೇ ಇಳಿಜಾರು. ನಿರ್ಮಾಪಕ ವಿಲ್ಲಿ ಮಿಚೆಲ್ ಅಲ್ಲಿ ಸೋಲ್ ಗಾಯಕ ಅಲ್ ಗ್ರೀನ್‌ನ ಹಾಡುಗಳನ್ನು ಧ್ವನಿಮುದ್ರಿಸಿದ. ಆನ್ ಪೀಬಲ್ಸ್ 'ಐ ಕಾಂಟ್ ಸ್ಟ್ಯಾಂಡ್ ದ ರೇನ್' ಹಾಡಿದ್ದೂ ಅಲ್ಲೇ, 1973ರಲ್ಲಿ. ಆಗ ಆರ್ಗನ್ ನುಡಿಸಿದ್ದು ಚಾರ್ಲ್ಸ್ ಹಾಜಸ್, ಬೇಸ್ ಅವನ ಸೋದರ ಲೀರಾಯ್. ನಲವತ್ತು ವರ್ಷ ಕಳೆದ ಮೇಲೆ ರಾಜರ್ಸ್ ಅದೇ ಹಾಡನ್ನು ಅದೇ ಕೋಣೆಯಲ್ಲಿ ಹಾಡಿದ. ಜೊತೆಗೆ ನುಡಿಸಿದವರು ಅದೇ ಹಾಜಸ್ ಸೋದರರು. ಎಲ್ಲರೂ ಒಟ್ಟಿಗೆ ಕೂತು ಟೇಪಿನ ಮೇಲೆ ಮುದ್ರಿಸಿದ್ದಾರೆ. ಬಂದ ಹಣವನ್ನು ಮೆಂಫಿಸ್‌ನ ಮಕ್ಕಳ ಸಂಗೀತ ಕಲಿಕೆಗೆ ಕೊಟ್ಟಿದ್ದಾರೆ.

ಆ ಆರ್ಗನ್ನನ್ನು ನೀನು ಕೇಳಬೇಕು. ಸಾಲು ಮುಗಿಯುವ ತನಕ ಅದು ಕಾಯುತ್ತದೆ. ಮುಗಿದ ಮೇಲೆ ಒಂದೇ ಒಂದು ಸ್ವರ ಇಟ್ಟು ಹಿಂದೆ ಸರಿಯುತ್ತದೆ. ರಾಜರ್ಸ್ ಕೂಡ ಎಲ್ಲೂ ಕೂಗುವುದಿಲ್ಲ. ಇಡೀ ಕ್ರೀಡಾಂಗಣ ತುಂಬಿಸಿದ ಗಂಟಲು ಅದು. ಇಲ್ಲಿ ಎದುರಿಗೆ ಕೂತವರಿಗೆ ಕೇಳಿಸಿದರೆ ಸಾಕು ಅನ್ನುವ ಹಾಗೆ ಹಾಡುತ್ತದೆ. ಓಟಿಸ್ ರೆಡಿಂಗ್‌ನ 'ಐವ್ ಬೀನ್ ಲವಿಂಗ್ ಯೂ ಟೂ ಲಾಂಗ್' ಬಂದಾಗ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ. ಮಿಡಲ್ಸ್‌ಬರೋದಲ್ಲಿ ಹುಡುಗನಾಗಿದ್ದಾಗ ಕೇಳಿದ್ದನ್ನು ಅರವತ್ತು ದಾಟಿದ ಮೇಲೆ ಅದು ಹುಟ್ಟಿದ ಊರಿಗೇ ಹೋಗಿ ಹಾಡುತ್ತಿದ್ದಾನೆ.

ಒಂದು ಕೆಲಸ ಮಾಡು. 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್' ಹಾಡನ್ನು ಆತ ಎರಡು ಸಲ ಹಾಡಿದ್ದಾನೆ, ಒಮ್ಮೆ 1993ರ ಆಲ್ಬಮ್‌ನಲ್ಲಿ, ಒಮ್ಮೆ ಇದರಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಹಾಕು. ಮೊದಲನೆಯದರಲ್ಲಿ ನೀಲ್ ಶಾನ್‌ನ ಗಿಟಾರು ದನಿಯ ಬೆನ್ನು ಹತ್ತುತ್ತದೆ, ದನಿಯೂ ಏರುತ್ತದೆ. ಎರಡನೆಯದರಲ್ಲಿ ಯಾರಿಗೂ ಅವಸರವಿಲ್ಲ. ನನಗೆ ಎರಡನೆಯದೇ ಇಷ್ಟ. ಮೃದಂಗದವನಾದ ನಿನಗೆ ಯಾವುದು ಹಿಡಿಸುತ್ತದೋ ನೋಡೋಣ.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. 2016ರಲ್ಲಿ ಆತನಿಗೆ ದೊಡ್ಡ ಪಾರ್ಶ್ವವಾಯು ಹೊಡೆಯಿತು. 2019ರಲ್ಲಿ ಇನ್ನೊಂದು. ಜೊತೆಗೆ ಸಣ್ಣ ಪುಟ್ಟವು ಹಲವು. ಮಾತೇ ನಿಂತುಹೋಗಿತ್ತು. ಕತ್ತಿನ ರಕ್ತನಾಳಕ್ಕೆ ಶಸ್ತ್ರಚಿಕಿತ್ಸೆಯೂ ಆಯಿತು. ಗಂಟಲಿಗೆ ಅಷ್ಟು ಹತ್ತಿರ ಕತ್ತರಿ ಹಾಕುವುದು ಹಾಡುವವನ ಪಾಲಿಗೆ ಎಂಥ ಭಯ! ಗಿಟಾರನ್ನು ಮೊದಲಿನಿಂದ ಕಲಿಯಬೇಕಾಯಿತು. ಇದೆಲ್ಲ ನಮಗೆ ತಿಳಿದದ್ದು 2023ರಲ್ಲಿ, ಆತನೇ ಬಾಯಿಬಿಟ್ಟು ಹೇಳಿದಾಗ. 2017ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫ್ರೀ ಹಾಡುಗಳನ್ನೇ ಹಾಡಿದ ಕಛೇರಿ 'ಫ್ರೀ ಸ್ಪಿರಿಟ್' ಅಂತ ಬಂತಲ್ಲ, ಅದು ಮೊದಲ ಹೊಡೆತ ಆದ ಮೇಲಿನದು! ಈಗ ಅದನ್ನು ಹಾಕಿದರೆ ಒಂದೊಂದು ಸಾಲಿಗೂ ನನ್ನ ಎದೆ ಬಿಗಿಯಾಗುತ್ತದೆ.

ಅದೇ 2023ರ ಸೆಪ್ಟೆಂಬರ್‌ನಲ್ಲಿ 'ಮಿಡ್‌ನೈಟ್ ರೋಸ್' ಬಂತು. ಬರೀ ಎಂಟು ಹಾಡು. ಹೊರತಂದದ್ದು ಸನ್ ರೆಕಾರ್ಡ್ಸ್, ಅದೂ ಮೆಂಫಿಸ್‌ನಲ್ಲಿ ಹುಟ್ಟಿದ ಕಂಪನಿಯೇ. ನಿರ್ಮಾಪಕರು ಬಾಬ್ ರಾಕ್ ಮತ್ತು ರಾಜರ್ಸ್‌ನ ಹೆಂಡತಿ ಸಿಂಥಿಯಾ. ಇದು ರಾಜರ್ಸ್‌ನ ಅತ್ಯುತ್ತಮ ಆಲ್ಬಮ್ ಅಂತ ನಾನು ಹೇಳುವುದಿಲ್ಲ. ಆದರೆ ಮಾತು ಕಳೆದುಕೊಂಡಿದ್ದ ಮನುಷ್ಯ ಎಪ್ಪತ್ಮೂರನೇ ವಯಸ್ಸಿನಲ್ಲಿ ಒಂದು ಪದವನ್ನು ಎಷ್ಟು ಜೋಪಾನವಾಗಿ ಹಿಡಿದು ಕೆಳಗಿಡುತ್ತಾನೆ ಅನ್ನುವುದನ್ನು ಅದರ ಮೆಲುದನಿಯ ಹಾಡುಗಳಲ್ಲಿ ಕೇಳು.

ಭಾನುವಾರ ಬಿಡುವಿದ್ದರೆ ಫೋನ್ ಮಾಡು. ಅದಕ್ಕೆ ಮೊದಲು 'ಐ ಕಾಂಟ್ ಸ್ಟ್ಯಾಂಡ್ ದ ರೇನ್' ಎರಡು ಸಲ ಕೇಳಿರು. ಒಂದು ಸಲ ದನಿಗಾಗಿ, ಒಂದು ಸಲ ಆರ್ಗನ್‌ಗಾಗಿ.

ನಿನ್ನ
ಗೆಳೆಯ